ಹಂದಿಯ ಆಹಾರದಿಂದ ಆಸ್ಪತ್ರೆಯ ಹಾಸಿಗೆಗೆ

ಅನ್ಯ ಔಷಧಗಳೆಲ್ಲವೂ ಸೋತ ಬಳಿಕ ವೈದ್ಯರು ಕಡೆಯ ಆಶ್ರಯವೆಂದು ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು, ಹಂದಿಗಳು ಬೇಗನೆ ಬೆಳೆಯಲೆಂದು ಅವುಗಳ ಆಹಾರದಲ್ಲಿ ವರ್ಷಗಟ್ಟಲೆ ಬೆರೆಸುತ್ತ ಬಂದುದರ ಫಲವೇನೆಂಬುದು 2015ರಲ್ಲಿ ಚೀನಾದೇಶದಲ್ಲಿ ಬೆಳಕಿಗೆ ಬಂದಿತು.

ಆ ಔಷಧವನ್ನು ನಿಷ್ಫಲಗೊಳಿಸುವ ಎಂಸಿಆರ್-1 ಎಂಬ ಜೀನು ಹಂದಿಗಳಲ್ಲಿಯೂ, ಮಾರುಕಟ್ಟೆಯ ಮಾಂಸದಲ್ಲಿಯೂ, ಆಸ್ಪತ್ರೆಯ ರೋಗಿಗಳಲ್ಲಿಯೂ ಇದ್ದ ಬ್ಯಾಕ್ಟೀರಿಯಾಗಳಲ್ಲಿ ಗೋಚರವಾಯಿತು.

ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ನೆಲೆಸಿದ ಈ ಜೀನು, ಸಂತಾನಕ್ರಮಕ್ಕೆ ಕಾಯದೆ, ಕೈಯಿಂದ ಕೈಗೆ ದಾಟುವ ನಾಣ್ಯದಂತೆ ಒಂದು ಬ್ಯಾಕ್ಟೀರಿಯಾದಿಂದ ನೆರೆಯ ಮತ್ತೊಂದಕ್ಕೆ ಸಾಗಬಲ್ಲುದು. ಗೊಬ್ಬರದೊಡನೆ ಹೊಲಕ್ಕೂ, ಚರಂಡಿಯೊಡನೆ ಹೊಳೆಗೂ ಇಳಿಯಬಲ್ಲುದು.

2017ರಲ್ಲಿ ಚೀನಾ ಪಶು ಆಹಾರಕ್ಕೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿದ ಬಳಿಕ, ಅಲ್ಲಿಯ ಹಂದಿಗಳಲ್ಲಿ ಆ ಔಷಧಕ್ಕೆ ಬ್ಯಾಕ್ಟೀರಿಯಾಗಳು ಒಡ್ಡುವ ಪ್ರತಿರೋಧವು ಇಳಿಮುಖವಾಯಿತು. ಭಾರತವೂ 2019ರಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಆ ಔಷಧವನ್ನು ನಿಷೇಧಿಸಿತು.

ಕೊಟ್ಟಿಗೆಯಲ್ಲಿ ಔಷಧವನ್ನು ಮಿತಗೊಳಿಸದೆ ಆಸ್ಪತ್ರೆಯಲ್ಲಿ ಅದರ ಶಕ್ತಿಯನ್ನು ಉಳಿಸಿಕೊಳ್ಳಲಾಗದೆಂಬುದು ಇದರಿಂದ ಸುಸ್ಪಷ್ಟ.