ಪದಕವೂ ಪತ್ರವೂ

ವೀರನಿಗೆ ಸಲ್ಲುವ ಗೌರವವು ಕಾಲಕಾಲಕ್ಕೆ ಬೇರೆ ಬೇರೆ ರೂಪಗಳನ್ನು ತಳೆದಿದೆ. ಕಾಲಿಗೆ ತೊಡಿಸುವ ಗಂಡಪೆಂಡೇರ, ಉಂಬಳಿಯಾಗಿ ಬಿಡುವ ಭೂಮಿ, ಊರ ಮುಂದೆ ನಿಲ್ಲಿಸುವ ವೀರಗಲ್ಲು, ಎದೆಯ ಮೇಲೆ ತೂಗುವ ಪದಕ ಇವೆಲ್ಲವೂ ಒಂದೇ ಕೃತಜ್ಞತೆಯ ಗುರುತುಗಳು. ಆದರೆ ಗುರುತು ಮಾತ್ರ ಉಳಿದು, ಅದನ್ನು ಪಡೆದ ಮನುಷ್ಯನು ಮರೆತುಹೋದರೆ ಆ ಗೌರವಕ್ಕೆ ಅರ್ಥವೇನು? ಸೈನಿಕ ಪದಕಗಳನ್ನೂ ಅವುಗಳೊಡನೆ ಬರುವ ಪತ್ರಗಳನ್ನೂ ಸಂಗ್ರಹಿಸಿ ಅಧ್ಯಯನ ಮಾಡುವವರು ಉತ್ತರ ಹುಡುಕುವುದು ಈ ಪ್ರಶ್ನೆಗೇ.

ಕನ್ನಡ ನಾಡಿನಲ್ಲಿ ಗೌರವವೂ ಅದರ ದಾಖಲೆಯೂ ಬಹುಕಾಲ ಒಂದೇ ಕಲ್ಲಿನಲ್ಲಿ ಕೂಡಿಕೊಂಡಿದ್ದವು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಕ್ರಿ.ಶ. 949–50ರ ಈ ಕಲ್ಲು ತಕ್ಕೋಲದ ಯುದ್ಧವನ್ನು ನೆನೆಯುತ್ತದೆ. ಆ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಸೇವಕನಾದ ಮಣಲೇರನೂ ಅಲ್ಲಿ ಶೌರ್ಯದಿಂದ ಕಾದಿದ್ದನು. ಬೇಕಾದುದನ್ನು ಕೇಳೆಂದು ಒಡೆಯನು ಹೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಹಂದಿಯೊಡನೆ ತಾನೂ ಮಡಿಯಿತು. ಅದರ ನೆನಪಿಗೆ ಮಣಲೇರನು ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಾರು, ಎಲ್ಲಿ, ಏಕೆ, ಏನನ್ನು ಪಡೆದರೆಂಬುದು ಅದರಲ್ಲೇ ಬರೆದಿರುವುದರಿಂದ ಸಾವಿರ ವರ್ಷ ಕಳೆದರೂ ಸಂದೇಹಕ್ಕೆ ಎಡೆಯಿಲ್ಲ.

ಇಂದಿನ ಪದಕಗಳ ಸ್ಥಿತಿ ಹಾಗಲ್ಲ. ಸ್ವತಂತ್ರ ಭಾರತವು 1950ರ ಜನವರಿ 26ರಂದು ಪರಮವೀರ ಚಕ್ರ, ಮಹಾವೀರ ಚಕ್ರ ಮತ್ತು ವೀರ ಚಕ್ರಗಳನ್ನು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿತು. ಪರಮವೀರ ಚಕ್ರವನ್ನು ಕಂಚಿನಿಂದಲೂ ಉಳಿದೆರಡನ್ನು ಬೆಳ್ಳಿಯಿಂದಲೂ ಮಾಡುತ್ತಾರೆ. ಲೋಹದ ಬೆಲೆಯನ್ನು ನೋಡಿದರೆ ಅತ್ಯುನ್ನತ ಗೌರವವೇ ಅತಿ ಅಗ್ಗವಾದುದು. ಹಾಗಾದರೆ ಅದರ ಮೌಲ್ಯವಿರುವುದೆಲ್ಲಿ? ಭಾರತದ ರಾಜಪತ್ರದ ಪ್ರಕಟಣೆಯಲ್ಲಿ, ಸೈನಿಕನ ಕಾರ್ಯವನ್ನು ವಿವರಿಸುವ ಪ್ರಶಸ್ತಿಯ ಒಕ್ಕಣೆಯಲ್ಲಿ. ಪದಕವು ದೇಹವಾದರೆ ಪತ್ರವು ಪ್ರಾಣ.

ಕೆಲವು ಪದಕಗಳು ತಾವೇ ಸ್ವಲ್ಪ ಮಾತನಾಡುತ್ತವೆ. ಮೊದಲನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರವು ಕೊಟ್ಟ ಯುದ್ಧಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳಗಳನ್ನು ಅಚ್ಚೊತ್ತಿರುತ್ತಾರೆ. ಮೂಕ ಪದಕಗಳೂ ಉಂಟು. ಪೂರ್ವ ಯೂರೋಪಿನ ಬಲ್ಗೇರಿಯ ದೇಶವು 1944ರ ಸೆಪ್ಟೆಂಬರಿನಲ್ಲಿ ಪಕ್ಷ ಬದಲಿಸಿ ಜರ್ಮನಿಯ ವಿರುದ್ಧ ಹೋರಾಡಿತು. ಅಲ್ಲಿಯ ಕಮ್ಯುನಿಸ್ಟ್ ಸರ್ಕಾರವು ಆ ಯುದ್ಧದ ಸೈನಿಕರಿಗೆ ಪದಕಗಳನ್ನು ಹಂಚಿತು. ಸಾಮಾನ್ಯವಾಗಿ ಅವುಗಳ ಮೇಲೆ ಪಡೆದವನ ಹೆಸರಿಲ್ಲ. ಹೆಸರಿರುವುದು ಜೊತೆಗೆ ಕೊಟ್ಟ ಚಿಕ್ಕ ಪುಸ್ತಿಕೆಯಲ್ಲಿ. 1989ರಲ್ಲಿ ಆ ಆಳ್ವಿಕೆ ಕುಸಿದ ಮೇಲೆ ಅವು ಸೋಫಿಯಾ ನಗರದ ಹಳೆಯ ಸಾಮಾನಿನ ಸಂತೆಗೆ ಬಂದವು. ಪದಕವು ಒಬ್ಬನ ಕೈಗೆ, ಪುಸ್ತಿಕೆಯು ಇನ್ನೊಬ್ಬನ ಕೈಗೆ ಸೇರಿದರೆ ಸೈನಿಕನು ಎರಡನೆಯ ಬಾರಿ ಕಾಣೆಯಾದಂತೆಯೇ.

ದಾಖಲೆಗಳ ಶೋಧನೆಯಿಂದಲೇ ಪದಕ ದೊರೆತ ಪ್ರಸಂಗವೂ ಕರ್ನಾಟಕದಲ್ಲಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲಿನ ದಾಳಿಗೆ ಹೊರಟವರು ಹಿಂತಿರುಗಲಿಲ್ಲ. ಅವರ ಕೊನೆಯ ಕಾದಾಟದ ಸಂಗತಿ ಈಚೆಗೆ ತಿಳಿದುಬರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನು ಪ್ರಕಟಿಸಿದ ಪುಸ್ತಕದಲ್ಲಿ, ಅಂದು ಭಾರತದ ಮಿಸ್ಟೀರ್ ವಿಮಾನವೊಂದು ತನಗಿಂತ ಎಷ್ಟೋ ವೇಗಶಾಲಿಯಾದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿದ ಸಂಗತಿ ಹೊರಬಿದ್ದಿತು. ಎರಡೂ ಕಡೆಯ ವಿವರಗಳನ್ನು ಹೊಂದಿಸಿ ನೋಡಿದಾಗ ಆ ವಿಮಾನದಲ್ಲಿದ್ದವರು ದೇವಯ್ಯನವರೇ ಎಂದು ಖಚಿತವಾಯಿತು. 1988ರಲ್ಲಿ, 23 ವರ್ಷಗಳ ನಂತರ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು. ಶತ್ರುಪಕ್ಷದ ನೆನಪೇ ಸಾಕ್ಷಿಯಾದುದು ಇಲ್ಲಿಯ ವಿಶೇಷ.

ಇಂತಹ ಶೋಧನೆಗೆ ಬಳ್ಳಾರಿ ಜಿಲ್ಲೆಯು ಯೋಗ್ಯವಾದ ನೆಲ. 1800ರಲ್ಲಿ ಬ್ರಿಟಿಷರ ವಶವಾದ ಬಳ್ಳಾರಿಯು ದೊಡ್ಡ ದಂಡಿನ ಪಟ್ಟಣವಾಗಿ ಬೆಳೆಯಿತು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ಅದನ್ನು ನೆನಪಿಸುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಒಬ್ಬರಾದ ಮೈಸೂರು ಲ್ಯಾನ್ಸರ್ಸ್ ದಳದವರು ಮೈಸೂರು ಸಂಸ್ಥಾನದ ಸೈನಿಕರು. ಬಳ್ಳಾರಿಯಾದರೋ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆದ್ದರಿಂದ ಸಿರುಗುಪ್ಪದ ಅಥವಾ ಕುರುಗೋಡಿನ ಮನೆಯೊಂದರ ಪೆಟ್ಟಿಗೆಯಲ್ಲಿ ಅಜ್ಜನ ಪದಕ ದೊರೆತರೆ, ಅದರ ಮೂಲವನ್ನು ಮೈಸೂರಿನ ಕಡತಗಳಲ್ಲಷ್ಟೇ ಹುಡುಕಿದರೆ ಸಾಲದು. ಮದರಾಸಿನ ಕಡತಗಳನ್ನೂ ನೋಡಬೇಕು. ಮೊದಲು ಅಂಚಿನ ಬರಹವನ್ನು ಓದಬೇಕು; ಬಳಿಕ ದಳವನ್ನು ಗುರುತಿಸಬೇಕು; ಮನೆಯ ಹಿರಿಯರ ಮಾತನ್ನು ಬರೆದುಕೊಂಡು ಕಾಗದಗಳೊಡನೆ ಹೋಲಿಸಬೇಕು.

ಸಂಗ್ರಹಕ್ಕೂ ನಿಯಮಗಳುಂಟು. ಪದಕವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬಾರದು. ಹೊಳಪು ಬರುವಷ್ಟರಲ್ಲಿ ಅಕ್ಷರವು ಸವೆದೀತು. ಪಟ್ಟಿಯನ್ನು ಬದಲಿಸಬಾರದು, ಪತ್ರವನ್ನು ಪದಕದಿಂದ ಅಗಲಿಸಬಾರದು. ಊರ ಅಂಚಿನ ವೀರಗಲ್ಲನ್ನು ಕೀಳಬಾರದು. ನೂರು ವರ್ಷಕ್ಕೂ ಹಳೆಯದಾದ ಇಂತಹ ವಸ್ತುವಿಗೆ 1972ರ ಪ್ರಾಚೀನ ವಸ್ತುಗಳ ಅಧಿನಿಯಮದ ರಕ್ಷಣೆಯುಂಟು. ಅದರ ಚಿತ್ರ ತೆಗೆದು, ಇರುವ ಸ್ಥಳವನ್ನು ಗುರುತುಹಾಕಿಕೊಂಡರೆ ಅದೂ ಸಂಗ್ರಹವೇ ಸರಿ.

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. ಹೆಚ್ಚಿನ ಶಾಸನಗಳಲ್ಲಿ ಆ ಸಾಮ್ರಾಟನು ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಷ್ಟೇ ಕಾಣಿಸಿಕೊಳ್ಳುತ್ತಾನೆ. ಅಶೋಕ ಎಂಬ ಅವನ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ 1915ರಲ್ಲಿ ದೊರೆತ ಮಸ್ಕಿಯದೂ, ನಂತರ ದೊರೆತ ಈ ಎರಡೂ ಸೇರಿವೆ. ಬಿರುದಿಗೆ ಹೆಸರು ಸೇರಿದಾಗಲೇ ಚರಿತ್ರೆಯು ಪೂರ್ಣವಾಗುವುದು. ಚಕ್ರವರ್ತಿಗೆ ಒಪ್ಪುವ ಈ ಮಾತು ಸಾಮಾನ್ಯ ಸಿಪಾಯಿಗೂ ಒಪ್ಪುತ್ತದೆ. ಹಳೆಯ ಪೆಟ್ಟಿಗೆಯ ತಳದಲ್ಲಿರುವ ಮಾಸಿದ ಕಾಗದವನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ಓದಿದರೆ, ಕಳೆದುಹೋಗಲಿದ್ದ ಒಂದು ಹೆಸರು ಉಳಿದೀತು.