ತಡೆದ ರನ್ನುಗಳ ಲೆಕ್ಕ ಬರೆಯುವವರಾರು?

ಕರ್ನಾಟಕ ಕಂಡ ಅತ್ಯುತ್ತಮ ದಾಂಡಿಗ ಯಾರು ಎಂದು ಕೇಳಿದರೆ ಜಿ.ಆರ್. ವಿಶ್ವನಾಥ್ ಪರವಾಗಿ ಒಂದು ಗುಂಪು, ರಾಹುಲ್ ದ್ರಾವಿಡ್ ಪರವಾಗಿ ಇನ್ನೊಂದು ಗುಂಪು ಏಳುತ್ತದೆ. ಬೌಲರ್ ಯಾರೆಂದರೆ ಚಂದ್ರಶೇಖರ್, ಪ್ರಸನ್ನ, ಕುಂಬ್ಳೆ ಅವರ ಹೆಸರುಗಳು ಬರುತ್ತವೆ. ಈ ವಾದಗಳಿಗೆ ಆಧಾರವಾಗಿ ಅಂಕಿ-ಅಂಶಗಳಿವೆ. ಆದರೆ ಅತ್ಯುತ್ತಮ ಕ್ಷೇತ್ರರಕ್ಷಕ ಯಾರು? ಈ ಪ್ರಶ್ನೆ ಬಂದಾಗ ಯಳವತ್ತಿಯ ಕಟ್ಟೆಯ ಮೇಲೆ ಕುಳಿತವರಾಗಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕುಳಿತವರಾಗಲಿ ನೆನಪನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಏಕೆಂದರೆ ಕ್ರಿಕೆಟ್ಟಿನ ಸ್ಕೋರ್ ಪುಸ್ತಕವು ಹೊಡೆದ ರನ್ನುಗಳನ್ನು ಬರೆದಿಟ್ಟಿದೆಯೇ ಹೊರತು ತಡೆದ ರನ್ನುಗಳನ್ನು ಬರೆದಿಟ್ಟಿಲ್ಲ.

ಕರ್ನಾಟಕ ತಂಡದ ಅತಿ ದೊಡ್ಡ ಗೆಲುವುಗಳಲ್ಲಿ ಒಂದನ್ನು ನೋಡಬಹುದು. ಮುಂಬಯಿ ತಂಡ 1958-59ರಿಂದ ಸತತ 15 ವರ್ಷ ರಣಜಿ ಟ್ರೋಫಿಯನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ಆ ಸರಣಿಯನ್ನು ಮುರಿಯಿತು. ವಿಶ್ವನಾಥ್ ಅವರ 162, ಬ್ರಿಜೇಶ್ ಪಟೇಲ್ ಅವರ 106, ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಪ್ರಸನ್ನರ ಎಸೆತ ಎಲ್ಲವೂ ಜನರ ಬಾಯಲ್ಲಿವೆ. ಆದರೆ ಪಂದ್ಯ ಕರ್ನಾಟಕದ ಕಡೆಗೆ ವಾಲಿದ್ದರಲ್ಲಿ ಮುಂಬಯಿ ನಾಯಕ ಅಜಿತ್ ವಾಡೇಕರ್ ಅವರ ವಿಕೆಟ್ಟಿನ ಪಾಲು ದೊಡ್ಡದು. 62 ರನ್ ಗಳಿಸಿ ಚೆನ್ನಾಗಿ ಬೇರೂರಿದ್ದ ವಾಡೇಕರ್ ಹೆಸರಿನ ಮುಂದೆ ಅಂಕಪಟ್ಟಿಯಲ್ಲಿ ಇರುವುದು 'ರನ್ ಔಟ್' ಎಂಬ ಎರಡೇ ಶಬ್ದ. ಚೆಂಡನ್ನು ತಡೆದವರು, ಎಸೆದವರು ಯಾರೆಂದು ಬರೆಯುವ ಪದ್ಧತಿ ಆಗ ಇರಲಿಲ್ಲ.

ಬೇರೆ ಆಟಗಳು ಹೀಗಿಲ್ಲ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಒಬ್ಬ ಕ್ಷೇತ್ರರಕ್ಷಕ ಎಷ್ಟು ಮಂದಿಯನ್ನು ಔಟ್ ಮಾಡಿದ, ಎಷ್ಟು ಸಲ ನೆರವಾದ, ಎಷ್ಟು ತಪ್ಪು ಮಾಡಿದ ಎಂಬುದೆಲ್ಲ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ. ಉತ್ತಮ ಕ್ಷೇತ್ರರಕ್ಷಕರಿಗೆ 1957ರಿಂದ 'ಗೋಲ್ಡ್ ಗ್ಲವ್' ಎಂಬ ಪ್ರಶಸ್ತಿಯೇ ಇದೆ. ಬಾಲ್ಟಿಮೋರ್ ತಂಡದ ಬ್ರೂಕ್ಸ್ ರಾಬಿನ್ಸನ್ ಅದನ್ನು 16 ಸಲ ಗೆದ್ದರು. ಆದರೂ ಅಲ್ಲಿಯ ವಾದ ಮುಗಿದಿಲ್ಲ. ಮಂದಗಾಲಿನ ಆಟಗಾರ ಚೆಂಡಿನ ಹತ್ತಿರಕ್ಕೇ ಹೋಗುವುದಿಲ್ಲವಾದ್ದರಿಂದ ಅವನ ಲೆಕ್ಕದಲ್ಲಿ ತಪ್ಪುಗಳೂ ಕಡಿಮೆ ಎಂಬುದು ಅಲ್ಲಿನವರ ಹಳೆಯ ತಕರಾರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಶಾಲಾ ಮೈದಾನಗಳ ಖೋ-ಖೋ ಆಟದಲ್ಲಿ ರಕ್ಷಣೆಗೆ ಇಳಿದ ಆಟಗಾರ ಎಷ್ಟು ನಿಮಿಷ, ಎಷ್ಟು ಸೆಕೆಂಡು ಸಿಕ್ಕಿಬೀಳದೆ ಉಳಿದ ಎಂಬುದನ್ನು ಗಡಿಯಾರ ಹಿಡಿದು ಬರೆಯುತ್ತಾರೆ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದರೆ ತಂಡಕ್ಕೆ ಅಂಕ ಸಿಗುತ್ತದೆ. ರಕ್ಷಣೆಗೂ ಬೆಲೆ ಕಟ್ಟಬೇಕೆಂಬ ವಿವೇಕ ಈ ಹಳ್ಳಿಯ ಆಟಗಳಲ್ಲಿದೆ.

ಗೂಟದ ಹಿಂದೆ

ಕ್ರಿಕೆಟ್ಟಿನಲ್ಲಿ ತಪ್ಪಿಗೂ ಲೆಕ್ಕ ಇರುವ ರಕ್ಷಕ ಒಬ್ಬನೇ, ಅವನೇ ವಿಕೆಟ್ ಕೀಪರ್. ಅವನು ಬಿಟ್ಟ ಚೆಂಡಿನಿಂದ ಬಂದ ರನ್ 'ಬೈ' ಎಂದು ದಾಖಲಾಗುತ್ತದೆ. ಈ ಕಠಿಣ ಲೆಕ್ಕದಲ್ಲೂ ಸೈಯದ್ ಕಿರ್ಮಾನಿ ಅವರ ಹೆಸರು ಮೇಲೆದ್ದು ನಿಲ್ಲುತ್ತದೆ. 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್ ಅವರ ಸಾಧನೆ. ಅದಕ್ಕಿಂತ ಹೆಚ್ಚಿನದೆಂದರೆ, 1981-82ರ ಇಂಗ್ಲೆಂಡ್ ಸರಣಿಯಲ್ಲಿ ಸತತ ಮೂರು ಟೆಸ್ಟ್‌ಗಳಲ್ಲಿ ಅವರು ಒಂದೂ ಬೈ ಬಿಟ್ಟುಕೊಡಲಿಲ್ಲ. ವೇಗದ ಓಟದ ಕೊನೆಗೆ ಗೂಗ್ಲಿ ಎಸೆಯುತ್ತಿದ್ದ ಚಂದ್ರಶೇಖರ್ ಅವರ ಚೆಂಡು ಯಾವ ಕಡೆ ತಿರುಗುವುದೆಂದು ದಾಂಡಿಗರಿಗೇ ತಿಳಿಯುತ್ತಿರಲಿಲ್ಲ. ಅಂಥ ಬೌಲಿಂಗಿಗೆ ಗೂಟದ ಬಳಿಯೇ ನಿಂತು ಪಳಗಿದ ಕೈ ಅದು. 1983ರ ವಿಶ್ವಕಪ್ಪಿನಲ್ಲಿ ಜಿಂಬಾಬ್ವೆ ವಿರುದ್ಧ ಲೆಸ್ಟರ್‌ನಲ್ಲಿ ಅವರು ಐದು ಕ್ಯಾಚ್ ಹಿಡಿದರು.

ಅವರ ಸ್ಥಾನಕ್ಕೆ ಬಂದ ಬೆಂಗಳೂರಿನ ಸದಾನಂದ ವಿಶ್ವನಾಥ್ ಅವರದು ಚಿಕ್ಕ ಅವಧಿ. ಆದರೂ 1985ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಫೈನಲ್‌ನಲ್ಲಿ ಶಿವರಾಮಕೃಷ್ಣನ್ ಬೌಲಿಂಗಿನಲ್ಲಿ ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದ್ದನ್ನು ನೋಡಿದವರು ಮರೆತಿಲ್ಲ.

ಸ್ಲಿಪ್ಪಿನ ಸ್ಥೈರ್ಯ

ಅಂಕಿಗಳನ್ನೇ ನಂಬುವವರಿಗೆ ದ್ರಾವಿಡ್ ಅವರೇ ಉತ್ತರ. 164 ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದು ಬಹುಕಾಲ ವಿಶ್ವದಾಖಲೆ ಹೊಂದಿದ್ದರು. 2025ರ ಜುಲೈನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋ ರೂಟ್ ಆ ದಾಖಲೆ ಮುರಿದರು. ಆ 211ನೇ ಕ್ಯಾಚಿಗೆ ಔಟಾದವರು ಕರ್ನಾಟಕದಲ್ಲೇ ಆಡಿ ಬೆಳೆದ ಕರುಣ್ ನಾಯರ್ ಎಂಬುದು ವಿಧಿಯ ಕುಚೋದ್ಯವೇ ಸರಿ.

ಆದರೆ ಕ್ಯಾಚುಗಳ ಸಂಖ್ಯೆಯಲ್ಲಿ ನಿಂತ ಜಾಗದ ಪಾಲೂ ಬೌಲರನ ಪಾಲೂ ಇರುತ್ತದೆ. ದ್ರಾವಿಡ್ ಹಿಡಿದ ಕ್ಯಾಚುಗಳಲ್ಲಿ 55 ಬಂದದ್ದು ಅನಿಲ್ ಕುಂಬ್ಳೆ ಬೌಲಿಂಗಿನಲ್ಲಿ. ಮುಂಬಯಿಯ ಏಕನಾಥ ಸೋಲ್ಕರ್ ಆಡಿದ್ದು ಕೇವಲ 27 ಟೆಸ್ಟ್, ಹಿಡಿದದ್ದು 53 ಕ್ಯಾಚ್. ಪಂದ್ಯವೊಂದರ ಸರಾಸರಿಯಲ್ಲಿ ಅವರೇ ಮುಂದೆ. ಅದೂ ಹೆಲ್ಮೆಟ್ ಇಲ್ಲದ ಕಾಲದಲ್ಲಿ, ದಾಂಡಿಗನ ಮೂಗಿನ ಕೆಳಗೆ ನಿಂತು! 1977ರಲ್ಲಿ ಬೆಂಗಳೂರಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ ಯಜುರ್ವೇಂದ್ರ ಸಿಂಗ್ ಒಂದೇ ಪಂದ್ಯದಲ್ಲಿ ಏಳು ಕ್ಯಾಚ್ ಹಿಡಿದರು. ನಲವತ್ತೊಂದು ವರ್ಷಗಳ ಬಳಿಕ ಟ್ರೆಂಟ್‌ಬ್ರಿಜ್‌ನಲ್ಲಿ ಕರ್ನಾಟಕದ ಕೆ.ಎಲ್. ರಾಹುಲ್ ಅಷ್ಟೇ ಕ್ಯಾಚ್ ಹಿಡಿದರು. ಒಬ್ಬರು ಸ್ಪಿನ್ ಬೌಲಿಂಗಿಗೆ ಬ್ಯಾಟಿನ ಪಕ್ಕದಲ್ಲಿ, ಇನ್ನೊಬ್ಬರು ವೇಗದ ಬೌಲಿಂಗಿಗೆ ಸ್ಲಿಪ್ಪಿನಲ್ಲಿ. ಅಂಕಿ ಒಂದೇ ಆದರೂ ಕೆಲಸ ಬೇರೆ.

ಓಡದೆ ಉಳಿದ ರನ್

ಈ ಪದ್ಧತಿಯಿಂದ ಹೆಚ್ಚು ನಷ್ಟವಾದದ್ದು ಬ್ರಿಜೇಶ್ ಪಟೇಲ್ ಅಂಥವರಿಗೆ. 1970ರ ದಶಕದಲ್ಲಿ ಕವರ್ ಭಾಗದಲ್ಲಿ ಭಾರತಕ್ಕೆ ಸಿಕ್ಕ ಬಲು ಚುರುಕಿನ ಕ್ಷೇತ್ರರಕ್ಷಕ ಅವರು. ಆದರೆ 21 ಟೆಸ್ಟ್‌ಗಳಲ್ಲಿ 17 ಕ್ಯಾಚ್ ಎಂಬುದಷ್ಟೇ ದಾಖಲೆ. ಚೆಂಡು ಅವರ ಕಡೆ ಹೋಯಿತೆಂದರೆ ದಾಂಡಿಗರು ರನ್ನಿಗೆ ಓಡುವ ಮುನ್ನ ಎರಡು ಸಲ ಯೋಚಿಸುತ್ತಿದ್ದರು. ಓಡದೆ ಉಳಿದ ಆ ರನ್ನನ್ನು ಯಾವ ಕಾಲಂನಲ್ಲಿ ಬರೆಯುವುದು? ಒಳ್ಳೆಯ ಕ್ಷೇತ್ರರಕ್ಷಕನ ಹೆಸರು ಬೆಳೆದಷ್ಟೂ ಅವನ ಕಡೆ ಓಡುವ ಧೈರ್ಯ ಕುಗ್ಗುತ್ತದೆ, ಅವನಿಗೆ ರನ್ ಔಟ್ ಮಾಡುವ ಅವಕಾಶವೂ ಕಡಿಮೆಯಾಗುತ್ತದೆ.

ಟೆಲಿವಿಷನ್ ಈ ಅನ್ಯಾಯವನ್ನು ಸ್ವಲ್ಪ ಸರಿಪಡಿಸಿದೆ. 2020ರ ಜನವರಿಯಲ್ಲಿ ರಾಜಕೋಟ್‌ನಲ್ಲಿ ಮನೀಶ್ ಪಾಂಡೆ ಮೇಲಕ್ಕೆ ಜಿಗಿದು ಒಂದೇ ಕೈಯಲ್ಲಿ ಡೇವಿಡ್ ವಾರ್ನರ್ ಅವರ ಕ್ಯಾಚ್ ಹಿಡಿದದ್ದನ್ನು ಲಕ್ಷಾಂತರ ಜನ ಮತ್ತೆ ಮತ್ತೆ ನೋಡಿದರು. ಕಡೂರಿನ ವೇದಾ ಕೃಷ್ಣಮೂರ್ತಿ ಮಹಿಳಾ ತಂಡದಲ್ಲಿ ಬ್ಯಾಟಿಂಗಿನಷ್ಟೇ ಕ್ಷೇತ್ರರಕ್ಷಣೆಗೂ ಹೆಸರಾದರು. ಆದರೆ ಕ್ಯಾಮೆರಾ ಇಲ್ಲದ ಮೈದಾನಗಳ ಗತಿ ಹಳೆಯದೇ.

ಇದು ಬರೀ ಹರಟೆಯ ವಿಷಯವಲ್ಲ. ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಗದುಗಿನ ಹುಡುಗರಾಗಿದ್ದಾಗ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. ಪಡೆದ ವಿಕೆಟ್ಟು, ಹೊಡೆದ ರನ್ನು ಅವರನ್ನು ಮೇಲಕ್ಕೆ ಒಯ್ದವು. ಇಂದಿಗೂ ತಾಲ್ಲೂಕು ಪಂದ್ಯದಲ್ಲಿ ಅರ್ಧ ಶತಕ ಹೊಡೆದ ಹುಡುಗನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗಟ್ಟಿ ನೆಲದ ಮೇಲೆ ಮೊಣಕೈ ತರಚಿಕೊಂಡು ಇಪ್ಪತ್ತು ರನ್ ಉಳಿಸಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಆಯ್ಕೆಯ ಹೊತ್ತಿಗೆ ತೋರಿಸಲು ಅವನ ಕೈಯಲ್ಲಿ ಕಾಗದವಿಲ್ಲ.

ಹಾಗಾದರೆ ಕಟ್ಟೆಯ ವಾದಕ್ಕೆ ತೀರ್ಪು ಏನು? ಜಾಗಕ್ಕೊಬ್ಬರು ಎನ್ನುವುದೇ ನ್ಯಾಯ: ಗೂಟದ ಹಿಂದೆ ಕಿರ್ಮಾನಿ, ಸ್ಲಿಪ್ಪಿನಲ್ಲಿ ದ್ರಾವಿಡ್, ಕವರಿನಲ್ಲಿ ಬ್ರಿಜೇಶ್ ಪಟೇಲ್. ಮೊದಲಿಬ್ಬರಿಗೆ ಪುಸ್ತಕದ ಸಾಕ್ಷಿಯಿದೆ. ಮೂರನೆಯವರಿಗೆ ನೋಡಿದವರ ಕಣ್ಣೇ ಸಾಕ್ಷಿ, ಆ ಕಣ್ಣುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಊರಿನ ಪಂದ್ಯಕ್ಕೆ ಸ್ಕೋರ್ ಬರೆಯುವವರು ರನ್ ಔಟ್ ಮುಂದೆ ಎಸೆದವನ ಹೆಸರನ್ನೂ, ಪುಟದ ಅಂಚಿನಲ್ಲಿ ಉಳಿಸಿದ ರನ್ನುಗಳನ್ನೂ ಬರೆದರೆ ಖರ್ಚಾಗುವುದು ಪೆನ್ಸಿಲ್ಲಿನ ಒಂದು ಗೆರೆ ಮಾತ್ರ.