ಗಂಟಲು ಸರಿ ಇದ್ದರೂ ಸ್ವರ ಕಟ್ಟುವುದೇಕೆ?



ಬಾಳೆಗುಳಿಯ ನಮ್ಮ ಒಂದು ಸಂಘದ ಸದಸ್ಯೆ ಮನೆಮನೆಗೆ ಹೋಗಿ ಮೀನು ಮಾರುವವರು. "ಬಂಗಡೆ ಬೇಕಾ?" ಅಂತ ಕೂಗಿದರೆ ಕೇರಿಗೆಲ್ಲಾ ಕೇಳುತ್ತಿತ್ತು. ಬರಬರುತ್ತಾ ಅವರ ಮಾತು ತುಂಡು ತುಂಡಾಯಿತು. ಯಾರೋ ಕುತ್ತಿಗೆ ಹಿಸುಕಿದ ಹಾಗೆ ಸ್ವರ ಕಟ್ಟತೊಡಗಿತು. ಆದರೆ ನಗುವಾಗ, ಪಿಸುಗುಟ್ಟುವಾಗ ಏನೂ ತೊಂದರೆಯಿಲ್ಲ! ಕೆಲವರು "ನಾಟಕ" ಎಂದರು, ಕೆಲವರು "ಏನೋ ಮೆಟ್ಟಿಕೊಂಡಿದೆ" ಎಂದರು. ಅವರು ವಾರದ ಸಭೆಗೆ ಬರುವುದನ್ನೇ ಬಿಟ್ಟರು. ನಾವೂ ಮನಸ್ಸಿನ ಚಿಂತೆಯಿರಬೇಕು ಅಂದುಕೊಂಡೆವು. ಅದು ನಮ್ಮ ತಪ್ಪು.

ಇದು ಯಾವ ಕಾಯಿಲೆ?

ಡಾಕ್ಟರರು ಇದನ್ನು 'ಸ್ಪಾಸ್ಮೋಡಿಕ್ ಡಿಸ್ಫೋನಿಯಾ' ಎನ್ನುತ್ತಾರೆ. ಗಂಟಲಿನ ಎರಡು ಸ್ವರತಂತುಗಳು ಹತ್ತಿರ ಬಂದು ಕಂಪಿಸಿದಾಗ ಮಾತು ಹೊರಡುತ್ತದೆ. ಎಷ್ಟು ಬಿಗಿಯಬೇಕು ಎಂಬ ಅಪ್ಪಣೆ ಮೆದುಳಿನದು. ಈ ಕಾಯಿಲೆಯಲ್ಲಿ ಗಂಟಲಲ್ಲಿ ಗಡ್ಡೆಯಿಲ್ಲ, ಗಾಯವಿಲ್ಲ. ಅಪ್ಪಣೆಯೇ ತಪ್ಪಿ ತಂತುಗಳು ಬೇಡದ ಹೊತ್ತಿಗೆ ಬಿಗಿಯುತ್ತವೆ. ನಗು, ಅಳುವಿಗೆ ಮೆದುಳು ಬೇರೆ ದಾರಿ ಬಳಸುವುದರಿಂದ ಆಗ ಸ್ವರ ಸರಿಯಿರಬಹುದು. ಹೆಚ್ಚಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ.

ಚಿಕಿತ್ಸೆ ಇದೆಯೇ?

ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ಆದರೆ 1984ರಿಂದ ಬೊಟುಲಿನಮ್ ಇಂಜೆಕ್ಷನ್ ಬಳಕೆಯಲ್ಲಿದೆ. ಅದು ತಂತುಗಳ ಬಿಗಿತ ಸಡಿಲಿಸುತ್ತದೆ. ಮೂರು-ನಾಲ್ಕು ತಿಂಗಳಿಗೆ ಪುನಃ ಬೇಕಾಗುತ್ತದೆ. ಜೊತೆಗೆ ಸ್ವರದ ತರಬೇತಿಯೂ ಕೆಲವರಿಗೆ ಸಹಾಯವಾಗುತ್ತದೆ.

"ಅಯಸ್ಕಾಂತದ ಚಿಕಿತ್ಸೆ ಅಂತೆ, ಹೌದಾ ಸಿಸ್ಟರ್?" ಎಂದು ಕೆಲವರು ಕೇಳುತ್ತಾರೆ. ಇದರ ಹೆಸರು ಟಿ.ಎಂ.ಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮೊದಲು ತೋರಿಸಿದರು. ತಲೆ ಕೊರೆಯುವುದಿಲ್ಲ, ಮಂಪರು ಕೊಡುವುದಿಲ್ಲ. ತಲೆಯ ಹತ್ತಿರ ತಂತಿಯ ಸುರುಳಿ ಹಿಡಿದರೆ 'ಟಕ್ ಟಕ್' ಎಂದು ಕಾಂತದ ಅಲೆ ಒಳಹೋಗಿ ನರಗಳಲ್ಲಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಸೆಕೆಂಡಿಗೆ ಒಂದರಂತೆ ನಿಧಾನ ಬಡಿತ ಕೊಟ್ಟರೆ ಅತಿಯಾಗಿ ಕೆರಳಿದ ಭಾಗ ಶಾಂತವಾಗುತ್ತದೆ ಎಂಬುದು ಲೆಕ್ಕಾಚಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಿನ್ನತೆ ಮುಂತಾದ ಕಾಯಿಲೆಗಳಿಗೆ ಇದನ್ನು ಬಳಸುತ್ತಾರೆ. ಆದರೆ ಸ್ವರದ ಈ ಕಾಯಿಲೆಗೆ ಇದಿನ್ನೂ ಪ್ರಯೋಗದ ಹಂತದಲ್ಲಿದೆ. ಕೆಲವೇ ರೋಗಿಗಳ ಮೇಲೆ ನೋಡಿದ್ದಾರೆ. ಹಾಗಾಗಿ ಯಾರಾದರೂ "ಗ್ಯಾರಂಟಿ ಗುಣ" ಎಂದರೆ ನಂಬಿ ಸಂಘದಿಂದ ಸಾಲ ತೆಗೀಬೇಡಿ. ತಲೆಯೊಳಗೆ ಲೋಹ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಫಿಟ್ಸ್ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ನಾವೇನು ಮಾಡಬೇಕು?

* ಮೂರು ವಾರವಾದರೂ ಸ್ವರ ಸರಿಯಾಗದಿದ್ದರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ತೋರಿಸಿ. ಗಡ್ಡೆ, ಕ್ಯಾನ್ಸರ್ ಇಲ್ಲವೆಂದು ಮೊದಲು ಖಾತ್ರಿಯಾಗಬೇಕು.
* ಅಲ್ಲಿಂದ ಮುಂದೆ ಕಳಿಸಿದರೆ ನಿಮ್ಹಾನ್ಸ್ ಇದೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.
* ಸಭೆಯಲ್ಲಿ ಅಂಥವರ ಮಾತನ್ನು ನಾವೇ ಮುಗಿಸುವುದು ಬೇಡ. "ಜೋರಾಗಿ ಹೇಳು" ಅನ್ನುವುದೂ ಬೇಡ. ಸ್ವಲ್ಪ ಕಾಯೋಣ.

ನಮ್ಮ ಆ ಸದಸ್ಯೆ ಈಗ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. ಸ್ವರ ಕಟ್ಟಿದ ದಿನ ಬುಟ್ಟಿಯ ಜೊತೆ ಒಂದು ಸಣ್ಣ ಗಂಟೆ ಹಿಡಿದು ಹೋಗುತ್ತಾರೆ. ಗಂಟೆ ಕೇಳಿದರೆ ಮೀನು ಬಂತು ಅಂತ ಕೇರಿಗೆಲ್ಲಾ ಗೊತ್ತು. ವಾರದ ಸಭೆಗೂ ಬರುತ್ತಿದ್ದಾರೆ. ಅವರ ಸರದಿ ಬಂದಾಗ ನಾವೆಲ್ಲಾ ಕಾಯುತ್ತೇವೆ.